ಪಾಲಿನ ದಾವೆಗೂ ಉಚಿತ ವಕೀಲರು: ಒಂದು ತಪ್ಪು ಉತ್ತರದ ಸುತ್ತ

ಒಂಬತ್ತನೆಯ ತರಗತಿಯ ಪಾಠ ವೀಕ್ಷಣೆಗೆ ಕುಳಿತಿದ್ದೆ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ‘ಬಡ ಆರೋಪಿಗೆ ಉಚಿತ ವಕೀಲರು’ ಎಂದು ಬರೆದು, 39ಎ ವಿಧಿಯನ್ನು ಚೆನ್ನಾಗಿಯೇ ವಿವರಿಸಿದರು. ಕೊನೆಯ ಬೆಂಚಿನ ಹುಡುಗಿ ಎದ್ದು ಕೇಳಿದಳು: “ನಮ್ಮ ಅತ್ತೆಗೆ ತೋಟದಲ್ಲಿ ಪಾಲು ಕೊಡ್ತಾ ಇಲ್ಲ ಸರ್. ಅವರಿಗೂ ವಕೀಲರನ್ನ ಕೊಡ್ತಾರಾ?” “ಇಲ್ಲಮ್ಮ, ಅದು ಸಿವಿಲ್ ಕೇಸು” ಎಂದು ಹೇಳಿ ಪಾಠ ಮುಂದುವರಿಯಿತು. ಆ ಉತ್ತರ ತಪ್ಪು. ಅದು ಅಂದು ಸಂಜೆಯೇ ಅವಳ ಮನೆ ತಲುಪಿರುತ್ತದೆ.

ತಪ್ಪಿನ ಮೂಲ ಇರುವುದು ನಾವು ಪಾಠ ಹೆಣೆಯುವ ಕ್ರಮದಲ್ಲಿ. ಬಂಧಿತನಿಗೆ ತನ್ನ ಆಯ್ಕೆಯ ವಕೀಲರನ್ನು ಹೊಂದುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿದೆ. 1979ರ ಹುಸೇನಾರಾ ಖಾತೂನ್ ಪ್ರಕರಣವೂ ಜೈಲಿನಲ್ಲಿದ್ದವರದೇ. ಉದಾಹರಣೆಗಳೆಲ್ಲ ಕ್ರಿಮಿನಲ್ ಆದದ್ದರಿಂದ ಹಕ್ಕೂ ಅಲ್ಲಿಗೇ ಮುಗಿಯಿತೆಂದು ಮಕ್ಕಳು, ಹಲವೊಮ್ಮೆ ನಾವೂ, ಭಾವಿಸುತ್ತೇವೆ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ (ಜಾರಿಗೆ ಬಂದದ್ದು 9 ನವೆಂಬರ್ 1995) ‘ನ್ಯಾಯಾಲಯ’ ಎಂದರೆ ಸಿವಿಲ್, ಕ್ರಿಮಿನಲ್, ಕಂದಾಯ ನ್ಯಾಯಾಲಯ ಮತ್ತು ನ್ಯಾಯಮಂಡಳಿ ಎಂದೇ ಅರ್ಥ ಕೊಡುತ್ತದೆ. ದಾವೆ ಹೂಡುವವರಿಗೂ ನೆರವುಂಟು, ಎದುರಿಸುವವರಿಗೂ ಉಂಟು.

ಯಾರಿಗೆ ಎಂಬುದು 12ನೇ ಕಲಂನಲ್ಲಿದೆ. ‘ಬಡವರಿಗೆ’ ಎಂಬ ಒಂದೇ ಪದ ಸಾಲದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನೆರೆ-ಬರದಂಥ ವಿಪತ್ತಿಗೆ ಸಿಕ್ಕವರು, ಬಂಧನದಲ್ಲಿರುವವರು ಮುಂತಾದವರಿಗೆ ಆದಾಯದ ಮಿತಿ ಇಲ್ಲ. ಹತ್ತು ಎಕರೆ ಅಡಿಕೆ ತೋಟವಿರುವ ಮನೆಯ ಮಗಳೂ ಅರ್ಜಿ ಕೊಡಬಹುದು. ಇತರರಿಗೆ ಮಾತ್ರ ಸರ್ಕಾರ ಗೊತ್ತುಪಡಿಸಿದ ಆದಾಯ ಮಿತಿ. ಅದಕ್ಕೂ ಸಾಮಾನ್ಯವಾಗಿ ಪ್ರಮಾಣಪತ್ರ ಸಾಕು. ಆದರೆ ಒಂದು ಷರತ್ತು ಎಲ್ಲರಿಗೂ ಅನ್ವಯ: ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿರಬೇಕು. ಅರ್ಜಿ ಕೊಡುವ ಜಾಗ ದೂರವಿಲ್ಲ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಲ್ಲಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಸಾಗರ, ಹೊಸನಗರ, ತೀರ್ಥಹಳ್ಳಿಯವರು ತಮ್ಮ ತಮ್ಮ ಊರಿನ ಕೋರ್ಟಿನಲ್ಲೇ ವಿಚಾರಿಸಬಹುದು. ದೂರವಾಣಿ ಸಹಾಯವಾಣಿ 15100.

ನಮ್ಮ ಸೀಮೆಯಲ್ಲಿ ಈ ಪಾಠಕ್ಕೆ ಪಠ್ಯಪುಸ್ತಕದಲ್ಲಿಲ್ಲದ ಒಂದು ಪ್ರವೇಶದ್ವಾರವಿದೆ: ಗೇಣಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಜಗಳ ಹತ್ತಿದ್ದು ಭತ್ತ ಅಳೆಯುವ ಕೊಳಗದ ಗಾತ್ರಕ್ಕೆ. ಅದರ ಜೊತೆ ನಿಂತ ಶಾಂತವೇರಿ ಗೋಪಾಲಗೌಡರು ಮರುವರ್ಷ ಸಾಗರ–ಹೊಸನಗರದಿಂದ, ಆಮೇಲೆ ತೀರ್ಥಹಳ್ಳಿಯಿಂದ ಶಾಸಕರಾದರು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಅರ್ಜಿ ತೀರ್ಮಾನಿಸುವ ಭೂನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗಬಾರದು ಎಂದು ಕಾಯ್ದೆಯ 48ನೇ ಕಲಂ ಹೇಳಿತ್ತು.

ಇದನ್ನು ತರಗತಿಯಲ್ಲಿ ಒಗಟಿನಂತೆ ಇಡಬಹುದು. ವಕೀಲರನ್ನು ಹೊರಗಿಟ್ಟರೆ ಗೇಣಿದಾರನಿಗೆ ಲಾಭವೋ ನಷ್ಟವೋ? ಒಡೆಯನಿಗೆ ಶುಲ್ಕ ಕೊಡಲು ಹಣವುಂಟು, ಗೇಣಿದಾರನಿಗಿಲ್ಲ. ಯಾರಿಗೂ ಬೇಡವೆಂದರೆ ಸಮವಾಯಿತು ಎಂಬುದು ಒಂದು ವಾದ. ಆದರೆ ಪಹಣಿ, ಗೇಣಿ ಚೀಟಿ ಓದಲು ಬಾರದವನು ಓದುಬಲ್ಲ ಒಡೆಯನ ಎದುರು ಒಂಟಿಯಾಗಿ ನಿಂತರೆ ಅದು ಸಮವೆ? ಇನ್ನೂ ಒಂದು ತೊಡಕು: ಮಂಡಳಿಯ ಆದೇಶದ ಮೇಲೆ ರಿಟ್ ಅರ್ಜಿ ಹಾಕಿದರೆ ಪ್ರಕರಣ ಬೆಂಗಳೂರಿನ ಹೈಕೋರ್ಟಿಗೆ. ಅಲ್ಲಿ ವಕೀಲರಿಲ್ಲದೆ ಹೆಜ್ಜೆ ಇಡುವುದೇ ಕಷ್ಟ. 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಬಹುಮಟ್ಟಿಗೆ ಎತ್ತಿಹಿಡಿದು, ವಕೀಲರ ಮೇಲಿನ ಈ ನಿಷೇಧವನ್ನು ಮಾತ್ರ ಒಪ್ಪಲಿಲ್ಲ. ಕಾನೂನು ಸೇವೆಗಳ ಅಧಿನಿಯಮವನ್ನು ಸಂಸತ್ತು ಮಾಡಿದ್ದೂ ಅದೇ ವರ್ಷ. ಯಾರಿಗೂ ವಕೀಲರು ಬೇಡ ಎಂಬ ದಾರಿ ಮುಚ್ಚಿತು, ಇಲ್ಲದವರಿಗೆ ಒದಗಿಸುವ ದಾರಿ ತೆರೆಯಿತು. (ಎರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯ, ಕಾರ್ಯಕಾರಣವೆಂದು ಕಲಿಸಬೇಡಿ.)

ನನ್ನ ಅಭಿಪ್ರಾಯದಲ್ಲಿ ಪಾಠ ಗೇಣಿಯಿಂದ ಶುರುವಾಗಿ 12ನೇ ಕಲಂಗೆ ಬರಬೇಕು. 39ಎ ವಿಧಿ ಕೊನೆಗೆ ಬಂದರೆ ಸಾಕು. ಚಟುವಟಿಕೆಗೆ ಮಕ್ಕಳ ಮನೆಯ ವ್ಯಾಜ್ಯಗಳನ್ನು ಕೇಳಬೇಡಿ, ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಕಲ್ಪಿತ ಪ್ರಕರಣ ಕೊಡಿ: ತೋಟಕ್ಕೆ ಹೋಗುವ ದಾರಿ, ಜೀವನಾಂಶ, ಪಾಲು.

ಮರುವಾರ ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋಗಿ “ಅವತ್ತು ನಾನು ಹೇಳಿದ್ದು ತಪ್ಪು” ಎಂದು ಶುರು ಮಾಡಿದರು. ಹುಡುಗಿಯ ಮುಂದಿನ ಪ್ರಶ್ನೆ ಸಿದ್ಧವಿತ್ತು: ಎದುರು ಪಕ್ಷದಲ್ಲಿರುವ ಚಿಕ್ಕಮ್ಮನೂ ಹೆಂಗಸೇ, ಅವರೂ ಅರ್ಜಿ ಹಾಕಿದರೆ? ಇಬ್ಬರಿಗೂ ಸಿಗುತ್ತದೆ, ಬೇರೆ ಬೇರೆ ವಕೀಲರು.