ಹುಬ್ಬಳ್ಳಿ–ಬೆಂಗಳೂರು ವಿಮಾನ: ಕರ್ಜಗಿಯ ಮನೆಬಾಗಿಲಿನಿಂದ ಎಷ್ಟು ತಾಸು?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ತಾಸು ಎಂಬ ಮಾತು ಈಗ ಹಳ್ಳಿಯ ಕಟ್ಟೆಗಳಲ್ಲೂ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಕರ್ಜಗಿಯ ರೈತನೊಬ್ಬನಿಗೆ ರಾತ್ರಿ ಒಂಬತ್ತಕ್ಕೆ ಫೋನು ಬಂತೆನ್ನಿ: ಬೆಂಗಳೂರಿನ ಆಸ್ಪತ್ರೆಯಲ್ಲಿರುವ ತಂಗಿಗೆ ಜಡ್ಡು ಹೆಚ್ಚಾಗಿದೆ, ಲಗೂನ ಬರಬೇಕು. ಆಗ ವಿಮಾನವೋ, ರೈಲೋ? ಗಾಬರಿಯಲ್ಲಿ ಲೆಕ್ಕ ತಪ್ಪುತ್ತದೆ. ಆದ್ದರಿಂದ ಈಗಲೇ ಮಾಡಿಟ್ಟುಕೊಳ್ಳುವುದು ಒಳಿತು.

ಹುಬ್ಬಳ್ಳಿ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವೆ ಹಗ್ಗ ಎಳೆದಂತೆ ನೇರ ಅಳೆದರೆ ಸುಮಾರು 370 ಕಿ.ಮೀ. ರೈಲು ಹರಿಹರ, ದಾವಣಗೆರೆ, ಬೀರೂರು, ಅರಸೀಕೆರೆ, ತುಮಕೂರು ಎಂದು ಬಳಸಿ ಹೋಗುವುದರಿಂದ ಅದಕ್ಕೆ 470 ಕಿ.ಮೀ. ಆಸುಪಾಸು. ಈ ದಾರಿಯಲ್ಲಿ ಹಾರುವ ಎಟಿಆರ್ ಎಂಬ ಪಂಖದ ವಿಮಾನದ ವೇಗ ತಾಸಿಗೆ ಸುಮಾರು 500 ಕಿ.ಮೀ. ಅಂದರೆ ಮುಕ್ಕಾಲು ತಾಸು ಸಾಕು. ನೆಲದ ಮೇಲೆ ಓಡಿ, ಏರಿ, ತಿರುಗಿ, ಇಳಿಯುವ ಹೊತ್ತನ್ನು ಕೂಡಿಸಿದರೆ ಒಂದು ತಾಸು ಅಥವಾ ಸ್ವಲ್ಪ ಹೆಚ್ಚು. ರಾಶಿ ತೂರುವವರು ಗಾಳಿ ನೋಡಿ ನಿಲ್ಲುವಂತೆ ವಿಮಾನವೂ ಗಾಳಿ ನೋಡುತ್ತದೆ. ಆದರೆ ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿ. ಮಳೆಗಾಲದ ಪಡುವಣ ಗಾಳಿ ಬೆಂಗಳೂರಿಗೆ ಹೋಗುವಾಗ ಬೆನ್ನಿಗಿದ್ದು ಕೆಲವು ನಿಮಿಷ ಉಳಿಸುತ್ತದೆ, ಬರುವಾಗ ಅಷ್ಟನ್ನೇ ಕಿತ್ತುಕೊಳ್ಳುತ್ತದೆ.

ಇನ್ನು ನೆಲದ ಲೆಕ್ಕ. ಕರ್ಜಗಿಯಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಬಾಡಿಗೆ ಗಾಡಿಯಲ್ಲಿ ಒಂದೂವರೆ ತಾಸು. ಹೊರಡುವ ವೇಳೆಗೆ ಒಂದು ತಾಸು ಇರುವಂತೆಯೇ ಕೌಂಟರು ಮುಚ್ಚುವುದರಿಂದ ಎರಡು ತಾಸು ಮುಂಚಿತವಾಗಿ ಅಲ್ಲಿರಬೇಕು. ಹಾರಾಟ ಒಂದು ತಾಸು. ಇಳಿದು ಸಾಮಾನು ಪಡೆಯಲು ಅರ್ಧ ತಾಸು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ಸಂಚಾರ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೋಯಿತು. ಅಲ್ಲಿಂದ ಮೆಜೆಸ್ಟಿಕ್ 35 ಕಿ.ಮೀ.ಗಳಷ್ಟು, ವಾಹನ ದಟ್ಟಣೆಯಲ್ಲಿ ಒಂದೂವರೆ ತಾಸು ಹಿಡಿಯಿರಿ. ಒಟ್ಟು ಆರೂವರೆ ತಾಸು! ಹಾವೇರಿಯಿಂದ ರೈಲಿಗೂ ಹೆಚ್ಚುಕಡಿಮೆ ಅಷ್ಟೇ.

ಮೇಲಾಗಿ ಫೋನು ಬಂದದ್ದು ರಾತ್ರಿ. ವಿಮಾನ ಸಿಗುವುದು ಮರುದಿನ. ಹಾವೇರಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದವನು ಬೆಳಗಿನ ಹೊತ್ತಿಗೆ ಊರ ನಡುವೆಯೇ ಇಳಿದಿರುತ್ತಾನೆ. ಕೊನೆಗಳಿಗೆಯ ವಿಮಾನದ ಟಿಕೆಟಿಗಾಗಿ ಗೋವಿನಜೋಳದ ಚೀಲಗಳನ್ನು ಅಡ್ಡಾದಿಡ್ಡಿ ದರಕ್ಕೆ ಮಾರುವ ಅವಶ್ಯಕತೆ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಹಾಗೆಂದು ವಿಮಾನವನ್ನು ಹಳಿಯುವಂತಿಲ್ಲ. 1974ರಲ್ಲಿ ಆದ ಹುಬ್ಬಳ್ಳಿ ನಿಲ್ದಾಣ ಬಹುಕಾಲ ಬಣಗುಟ್ಟುತ್ತಿತ್ತು. ಹಾಸನ ಜಿಲ್ಲೆ ಗೊರೂರಿನ, ಸ್ವತಃ ಒಕ್ಕಲುತನ ಮಾಡಿದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಸಾಮಾನ್ಯರೂ ವಿಮಾನ ಹತ್ತುವಂತಾಯಿತು. ದಾರಿ ಉದ್ದವಾದಷ್ಟೂ ವಿಮಾನಕ್ಕೆ ಬೆಲೆ. ಹುಬ್ಬಳ್ಳಿಯಿಂದ ದಿಲ್ಲಿ ನೇರ ಅಳತೆಯಲ್ಲಿ ಸುಮಾರು 1,475 ಕಿ.ಮೀ.; ನೇರ ವಿಮಾನಕ್ಕೆ ಎರಡೂವರೆ ತಾಸಿನ ಮಾತು, ರೈಲಿಗೆ ಒಂದೂವರೆ ದಿನದ ಆಸುಪಾಸು. ಅಲ್ಲಿ ಸೈನ್ಯದಲ್ಲಿರುವ ಮಗನಿಗೆ ಮನೆಯಿಂದ ಕರೆ ಹೋದರೆ ಅವನು ವಿಮಾನವನ್ನೇ ಹಿಡಿಯಬೇಕು.

ಹೋಗುವವರು ಗುರುತಿನ ಚೀಟಿ ಮರೆಯಕೂಡದು. ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿಯನ್ನು ಕೈಚೀಲದಲ್ಲಿ ಒಯ್ಯಗೊಡುವುದಿಲ್ಲ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಅದನ್ನು ಕೌಂಟರಿನಲ್ಲಿ ತೂಕಕ್ಕೆ ಕೊಡುವ ಗಂಟಿನಲ್ಲಿಯೇ ಭದ್ರವಾಗಿ ಕಟ್ಟಿಡತಕ್ಕದ್ದು.