ಕಾಲಿನ ಶಸ್ತ್ರಚಿಕಿತ್ಸೆ: ದೂರಿಗೆ ದಾಖಲೆಯೇ ಆಧಾರ

ಕಾಲಿನ ರಕ್ತನಾಳದ ಶಸ್ತ್ರಚಿಕಿತ್ಸೆಯ ಬಳಿಕ ಪಾದ ತಣ್ಣಗಾಗಿ, ಬಿಳಿಚಿಕೊಂಡು, ಮರಗಟ್ಟಿದರೆ ಕಾಲು ಉಳಿಸಲು ಸಿಗುವುದು ಕೆಲವೇ ಗಂಟೆ. ಹೇಳಿದರೂ ಯಾರೂ ಬಂದು ನೋಡಲಿಲ್ಲ ಎಂಬುದು ಇಂತಹ ದೂರುಗಳ ಅಳಲು. ಆದರೆ ಕಾಲು ಕಳೆದುಕೊಂಡ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಸಾಬೀತಾಗದು. ಪಾದದ ನಾಡಿಯನ್ನು ಎಷ್ಟು ಹೊತ್ತಿಗೆ ಪರೀಕ್ಷಿಸಿದರು, ವೈದ್ಯರನ್ನು ಯಾವಾಗ ಕರೆದರು ಎಂಬ ದಾಖಲೆ ಬೇಕು.

ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿದೆ. ದೂರು ನೀಡಲು ಎರಡು ವರ್ಷದ ಗಡುವಿದೆ.

ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮುಂಬಯಿ ಕನ್ನಡಿಗರು 2019ರ ಕಾಯಿದೆಯಂತೆ ಇಲ್ಲಿನ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಊರಿನಿಂದ ಹೊರಡುವ ಮುನ್ನ ದಾಖಲೆಗಳ ಪ್ರತಿ ಕೈಯಲ್ಲಿರಲಿ.