ಬಾಗಿದ ಬೆನ್ನು ಮತ್ತು ಬೀಳುವ ಭಯ

ಶಿವಮೊಗ್ಗದಿಂದ ಸಾಗರದತ್ತ ಹೋಗುವ ಹಾದಿಯಲ್ಲಿ ಕುಂಸಿ ಎಂಬ ಊರಿದೆ. ಅಲ್ಲಿಯ ಬೀದಿಯಲ್ಲಾಗಲಿ, ಮಲೆನಾಡಿನ ಬೇರಾವ ಊರಿನಲ್ಲಾಗಲಿ, ಬೆನ್ನು ಬಾಗಿ ನೆಲವನ್ನೇ ನೋಡುತ್ತ ಕೋಲೂರಿ ನಡೆಯುವ ಅಜ್ಜಿಯರನ್ನು ನಾವು ಕಾಣುತ್ತೇವೆ. ‘ವಯಸ್ಸಾಯಿತು, ಬೆನ್ನು ಬಾಗಿತು’ ಎಂದುಕೊಂಡು ಸುಮ್ಮನಾಗುತ್ತೇವೆ. ಮಳೆಗಾಲದಲ್ಲೊಂದು ದಿನ ಪಾಚಿಗಟ್ಟಿದ ಅಂಗಳದಲ್ಲಿ ಅಜ್ಜಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಅದನ್ನು ಗ್ರಹಚಾರವೆನ್ನುತ್ತೇವೆ. ಆದರೆ ಬೆನ್ನಿನ ಬಾಗಿಗೂ ಆ ಬೀಳುವಿಕೆಗೂ ಸಂಬಂಧವುಂಟು.

ಮೂಳೆಯು ಕಲ್ಲಿನಂತೆ ಜಡವಸ್ತುವಲ್ಲ. ಅದರಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಎಡೆಬಿಡದೆ ದುಡಿಯುತ್ತಿರುತ್ತವೆ. ಸ್ತ್ರೀಯರಲ್ಲಿ ಈಸ್ಟ್ರೊಜನ್ ಎಂಬ ಹಾರ್ಮೋನು ಕರಗಿಸುವ ಕೋಶಗಳಿಗೆ ಕಡಿವಾಣ ಹಾಕಿರುತ್ತದೆ. ಮುಟ್ಟು ನಿಂತ ಬಳಿಕ ಈ ಹಾರ್ಮೋನು ತಗ್ಗುವುದರಿಂದ, ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗಿ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಇದೇ ಮೂಳೆಸವೆತ, ಅಂದರೆ ಆಸ್ಟಿಯೊಪೊರೋಸಿಸ್.

ಬೆನ್ನೆಲುಬಿನ ಮಣಿಗಳ ಒಳಭಾಗವು ಜೇನುಹಟ್ಟಿನಂತೆ ಜಾಲಜಾಲವಾಗಿರುವುದರಿಂದ ಸವೆತದ ಪೆಟ್ಟು ಅವಕ್ಕೆ ಬೇಗ ತಗಲುತ್ತದೆ. ನೀರಿನ ಕೊಡವನ್ನೆತ್ತಲು ಬಗ್ಗಿದಾಗ ಮಣಿಗಳ ಮುಂಬದಿಯ ಮೇಲೆ ಒತ್ತಡ ಹೆಚ್ಚುತ್ತದೆ. ಸವೆದ ಮಣಿ ಮುಂಬದಿಯಲ್ಲಿ ಕುಸಿದು ಬೆಣೆಯ ಆಕಾರ ತಳೆಯುತ್ತದೆ. ಬೆಣೆಗಳನ್ನು ಒಂದರ ಮೇಲೊಂದಿಟ್ಟರೆ ಸಾಲು ಬಾಗದೆ ಇನ್ನೇನಾದೀತು? ಇಂತಹ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ವೈದ್ಯರ ಗಮನಕ್ಕೆ ಬರುವುದೇ ಇಲ್ಲ. ಎದೆಯ ಹಿಂಭಾಗದ ಬೆನ್ನೆಲುಬು ಆರೋಗ್ಯವಂತರಲ್ಲಿಯೂ 20ರಿಂದ 40 ಡಿಗ್ರಿಯಷ್ಟು ಬಾಗಿರುತ್ತದೆ. 40 ಡಿಗ್ರಿಯನ್ನು ಮೀರಿದರೆ ಗೂನು ಎನ್ನಬೇಕು. ಆದರೆ ಗೂನೆಲ್ಲವೂ ಮುರಿತದಿಂದಲೇ ಆದದ್ದಲ್ಲ. ಮಣಿಗಳ ನಡುವಿನ ಮೆತ್ತೆಗಳು ಸವೆಯುವುದೂ ಬೆನ್ನಿನ ಸ್ನಾಯುಗಳು ಸೋಲುವುದೂ ಕಾರಣವಾಗಬಹುದು.

ಬಾಗಿದ ಬೆನ್ನು ಬೀಳಿಸುವುದೇಕೆ? ವಾಚಕರು ಒಂದು ಪ್ರಯೋಗ ಮಾಡಿ ನೋಡಬಹುದು. ಹಿಮ್ಮಡಿಯನ್ನೂ ಬೆನ್ನನ್ನೂ ಗೋಡೆಗೆ ತಾಗಿಸಿ ನಿಂತು, ಮೊಣಕಾಲು ಮಡಿಸದೆ, ಪಾದದ ಮುಂದಿಟ್ಟ ನಾಣ್ಯವನ್ನೆತ್ತಲು ಯತ್ನಿಸಿರಿ. ಮುಗ್ಗರಿಸುವಿರಿ! ಎಂದಿನಂತೆ ಬಗ್ಗುವಾಗ ಸೊಂಟ ಹಿಂದಕ್ಕೆ ಸರಿದು, ದೇಹದ ಗುರುತ್ವಕೇಂದ್ರವನ್ನು ಪಾದಗಳ ನೇರದಲ್ಲಿ ಉಳಿಸುತ್ತದೆ. ಗೋಡೆ ಅದಕ್ಕೆ ಅಡ್ಡಿಯಾದೊಡನೆ ತೂಕ ತಪ್ಪುತ್ತದೆ. ಗೂನುಬೆನ್ನಿನ ಅಜ್ಜಿ ಈ ತೂಕವನ್ನು ದಿನವಿಡೀ ಕಾಯಬೇಕು. ಮೊಣಕಾಲನ್ನು ತುಸು ಮಡಿಸಿ, ಸೊಂಟವನ್ನು ಹಿಂದಕ್ಕೆಳೆದು ನಿಂತರೂ ಆಸರೆಯ ಅಂಚು ದೂರವಿರುವುದಿಲ್ಲ. ಹೊಸ್ತಿಲೆಡವಿದಾಗ ಚಟ್ಟನೆ ಹೆಜ್ಜೆ ಮುಂದಿಟ್ಟು ಸಾವರಿಸಿಕೊಳ್ಳುವ ಶಕ್ತಿ ಕಾಲಿನಲ್ಲಿಲ್ಲದಿದ್ದರೆ ಬೀಳುವುದೇ ಸರಿ. ಬಿದ್ದಾಗ ಮೊದಲೇ ಸವೆದ ಮೂಳೆ ಮುರಿಯುತ್ತದೆ. ಮುರಿದವರು ಅಂಜಿ ಓಡಾಟ ಬಿಡುತ್ತಾರೆ. ಸ್ನಾಯು ಇನ್ನಷ್ಟು ಸೊರಗುತ್ತದೆ. ಹೀಗೆ ಇದೊಂದು ವಿಷಚಕ್ರ.

ಈ ಚಕ್ರವನ್ನು ಮುರಿಯಬಹುದೆ? ಅಮೆರಿಕದ ಮೇಯೊ ಕ್ಲಿನಿಕ್ಕಿನ ಡಾ. ಸಿನಾಕಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಭರವಸೆ ಕೊಡುತ್ತದೆ. ಮುಟ್ಟು ನಿಂತ ಕೆಲವು ಸ್ತ್ರೀಯರು ಎರಡು ವರ್ಷ ಬೆನ್ನಿನ ಸ್ನಾಯುಗಳಿಗೆ ವ್ಯಾಯಾಮ ಮಾಡಿದರು. ಅದನ್ನು ನಿಲ್ಲಿಸಿ ಎಂಟು ವರ್ಷಗಳಾದ ಮೇಲೆ ಪರೀಕ್ಷಿಸಿದಾಗ, ವ್ಯಾಯಾಮ ಮಾಡದವರಲ್ಲಿ ಮಣಿ ಕುಸಿಯುವ ಸಂಭವ 2.7 ಪಟ್ಟು ಹೆಚ್ಚಾಗಿತ್ತು. 2005ರಲ್ಲಿ ಇದೇ ತಂಡವು, ಮೂಳೆಸವೆತದೊಡನೆ ಗೂನೂ ಇರುವ ಸ್ತ್ರೀಯರು ನಿಂತಾಗ ಹೆಚ್ಚು ತೂಗಾಡುತ್ತಾರೆ, ನಿಧಾನವಾಗಿ ನಡೆಯುತ್ತಾರೆ ಎಂದು ತೋರಿಸಿತು. ಆದರೆ ವ್ಯಾಯಾಮವನ್ನು ವೈದ್ಯರ ಸಲಹೆಯಂತೆಯೇ ಆರಂಭಿಸಬೇಕು. ಸವೆದ ಬೆನ್ನನ್ನು ಮುಂದಕ್ಕೆ ಬಗ್ಗಿಸುವ ಕಸರತ್ತು ಅಪಾಯಕರ. ಮೂಳೆ ಕರಗುವುದನ್ನು ತಡೆಯುವ ಔಷಧಗಳೂ ಇವೆ. ಆಹಾರದಲ್ಲಿ ಕ್ಯಾಲ್ಸಿಯಂ ಇರಬೇಕು: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಉಂಟು. ಅದನ್ನು ಮೈಗೂಡಿಸಲು ವಿಟಮಿನ್ ಡಿ ಬೇಕು. ಬಿಸಿಲಿನಲ್ಲಿ ನಮ್ಮ ಚರ್ಮವೇ ಅದನ್ನು ತಯಾರಿಸುತ್ತದೆ.

ಮನೆಯ ಕಿರಿಯರು ಮಾಡಬಹುದಾದದ್ದೂ ಇದೆ. ಮಳೆಗಾಲದಲ್ಲಿ ಅಂಗಳದ ಪಾಚಿ ಉಜ್ಜಿ, ನಡೆಯುವೆಡೆಯಲ್ಲಿ ಅಡಿಕೆಯ ದಬ್ಬೆ ಹಾಸುವ ಮಲೆನಾಡಿನ ರೂಢಿ ಬಲು ಒಳ್ಳೆಯದು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಗೂಟ, ರಾತ್ರಿ ದಾರಿಗೊಂದು ದೀಪ, ಇವೂ ಬೇಕು. ಎತ್ತರ ಮೊದಲಿಗಿಂತ 4 ಸೆಂಟಿಮೀಟರಿಗೂ ಹೆಚ್ಚು ತಗ್ಗಿದ್ದರೆ ಬೆನ್ನಿನ ಕ್ಷ-ಕಿರಣ ಚಿತ್ರ ತೆಗೆಸಬೇಕು. ಎಂದಿನಂತೆ ಉಟ್ಟ ಸೀರೆ ಈಗ ನೆಲ ಗುಡಿಸುತ್ತಿದೆಯೆಂದು ಅಜ್ಜಿ ಹೇಳಿದರೆ ನಕ್ಕು ಸುಮ್ಮನಾಗಬಾರದು. ಅದು ಬೆನ್ನೆಲುಬು ಕೊಡುತ್ತಿರುವ ಮುನ್ಸೂಚನೆಯಾಗಿರಬಹುದು.